ಮೊದಲ ಪಾಠಕ್ಕೆ ಮುಂಚೆ ಪಾಸ್‌ಪೋರ್ಟ್ ಕೇಳಲೇಬೇಕಾ?

ಓದುಗರ ಪ್ರಶ್ನೆ: ನಮಸ್ಕಾರ ಸರ್. ನಾನು ಡಲ್ಲಾಸ್ ಹತ್ತಿರ ಇರುವ ಕನ್ನಡಿಗ. ಅಮೆರಿಕದ ಪೌರತ್ವ ಬಂದು ಒಂದು ವರ್ಷ ಆಯಿತು. ಈ ತಿಂಗಳು ಸಿಎಫ್‌ಐ, ಅಂದರೆ ವಿಮಾನ ಹಾರಿಸುವುದನ್ನು ಕಲಿಸುವ ಪರವಾನಗಿಯೂ ಕೈಗೆ ಬಂತು. ಯಾವ ಶಾಲೆಗೂ ಸೇರಿಲ್ಲ, ಸ್ವಂತವಾಗಿ ಕಲಿಸುತ್ತೇನೆ. ಮೂವರು ಈಗಾಗಲೇ ಕೇಳಿದ್ದಾರೆ. ಒಬ್ಬ ಇಲ್ಲೇ ಹುಟ್ಟಿದ 16ರ ಹುಡುಗ, ನಮ್ಮ ಕನ್ನಡ ಕೂಟದ ಗೆಳೆಯರ ಮಗ. ಇನ್ನೊಬ್ಬರು ಹಾಸನದ ಕಡೆಯ ಇಂಜಿನಿಯರ್, ಗ್ರೀನ್ ಕಾರ್ಡ್ ಇದೆ. ಮೂರನೆಯವರು ಹಳೆಯ ಪೈಲಟ್, ಅವರಿಗೆ ಬೇಕಿರುವುದು ಫ್ಲೈಟ್ ರಿವ್ಯೂ, ಅಂದರೆ ಪರವಾನಗಿ ಇರುವವರು ಆಗಾಗ ಶಿಕ್ಷಕರ ಜೊತೆ ಮಾಡಬೇಕಾದ ಮರುಪರಿಶೀಲನೆ ಮಾತ್ರ. ಇವರೆಲ್ಲರ ಪೌರತ್ವವನ್ನು ನಾನು ಪರಿಶೀಲಿಸಬೇಕಾ? ಪಾಸ್‌ಪೋರ್ಟ್ ಜೆರಾಕ್ಸ್ ಇಟ್ಟುಕೊಳ್ಳಬೇಕಾ? ಎಷ್ಟು ವರ್ಷ? ಪರಿಚಯದವರನ್ನು ‘ನಿಮ್ಮ ಪಾಸ್‌ಪೋರ್ಟ್ ತೋರಿಸಿ’ ಅಂತ ಕೇಳುವುದಕ್ಕೆ ತುಂಬಾ ಮುಜುಗರ.

ಉತ್ತರ:

ಮೊದಲಿಗೆ ಅಭಿನಂದನೆ. ಆ ಪರವಾನಗಿಗೆ ಎಷ್ಟು ಓದಬೇಕು, ಎಷ್ಟು ಬೆವರು ಹರಿಸಬೇಕು ಅಂತ ನನಗೆ ಗೊತ್ತು.

ನಿಮ್ಮ ಮೂವರಲ್ಲಿ ಇಬ್ಬರ ದಾಖಲೆ ನೋಡಲೇಬೇಕು. ಅದನ್ನು ಮೊದಲ ಪಾಠಕ್ಕೆ ಮುಂಚೆಯೇ ನೋಡಬೇಕು. ಮೂರನೆಯವರದು ಬೇಕಿಲ್ಲ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ. ಮುಜುಗರದ ವಿಷಯವನ್ನೂ ಬಿಡುವುದಿಲ್ಲ, ಯಾಕೆಂದರೆ ನಮ್ಮವರು ಎಡವುವುದು ಹೆಚ್ಚಾಗಿ ಅಲ್ಲೇ.

ಈ ಕೆಲಸ ಎಫ್‌ಎಎ, ಅಂದರೆ ಅಮೆರಿಕದ ವಿಮಾನಯಾನ ಇಲಾಖೆಯ ನಿಯಮದಿಂದ ಬಂದದ್ದಲ್ಲ. ಏರ್‌ಪೋರ್ಟಿನಲ್ಲಿ ನಮ್ಮ ಬ್ಯಾಗ್ ತಪಾಸಣೆ ಮಾಡುತ್ತಾರಲ್ಲ, ಆ ಟಿಎಸ್‌ಎ ಮಾಡಿದ ನಿಯಮ ಇದು. ಕೇಂದ್ರ ಸರ್ಕಾರದ ನಿಯಮ ಸಂಗ್ರಹದಲ್ಲಿ ಅದು 49 ಸಿಎಫ್‌ಆರ್, ಭಾಗ 1552. ಸಿಎಫ್‌ಐ ಪರೀಕ್ಷೆಗೆ ಓದುವಾಗ ಎಲ್ಲರೂ ಎಫ್‌ಎಎ ಪುಸ್ತಕಗಳಲ್ಲೇ ಮುಳುಗಿರುತ್ತಾರೆ. ಇದನ್ನು ಒಂದು ಸಾಲಿನಲ್ಲಿ ಓದಿ ಮುಂದೆ ಹೋಗಿರುತ್ತಾರೆ. ಆಮೇಲೆ ಸ್ವಂತ ವಿದ್ಯಾರ್ಥಿ ಬಂದು ಎದುರು ನಿಂತಾಗ ಗಾಬರಿ.

ಇದರ ಹಿಂದಿನ ಕಥೆ ನಿಮಗೂ ಗೊತ್ತಿರುತ್ತದೆ. 2001ರ ಸೆಪ್ಟೆಂಬರ್ 11ರಂದು ವಿಮಾನಗಳನ್ನು ನುಗ್ಗಿಸಿದವರು ಹಾರಾಟ ಕಲಿತದ್ದು ಅಮೆರಿಕದ ಸಣ್ಣ ಸಣ್ಣ ಶಾಲೆಗಳಲ್ಲೇ. ಮೊಹಮ್ಮದ್ ಅಟ್ಟಾ ಮತ್ತು ಮರ್ವಾನ್ ಅಲ್ ಶೆಹ್ಹಿ ಫ್ಲೋರಿಡಾದ ವೆನಿಸ್ ಎಂಬ ಊರಿನಲ್ಲಿ ಕಲಿತರು. ದಾಳಿ ನಡೆದು ಸರಿಯಾಗಿ ಆರು ತಿಂಗಳಿಗೆ, 2002ರ ಮಾರ್ಚ್‌ನಲ್ಲಿ, ಆ ಶಾಲೆಗೆ ವಲಸೆ ಇಲಾಖೆಯಿಂದ ಅಂಚೆ ಬಂತು. ಆ ಇಬ್ಬರ ವಿದ್ಯಾರ್ಥಿ ವೀಸಾಕ್ಕೆ ಒಪ್ಪಿಗೆ ಸಿಕ್ಕಿದೆ ಎಂಬ ಪತ್ರ! ಸತ್ತು ಆರು ತಿಂಗಳಾದವರ ವೀಸಾ ಪತ್ರ. ಯಾರು ಕಲಿಯುತ್ತಿದ್ದಾರೆ, ಯಾರ ಕಡತ ಎಲ್ಲಿದೆ ಎಂಬ ಲೆಕ್ಕ ಆಗ ಅಷ್ಟು ಕೆಟ್ಟಿತ್ತು.

ಇನ್ನೊಂದು ಘಟನೆಯೂ ಇದೆ. ನಾನು ಹೊಸ ಶಿಕ್ಷಕರಿಗೆ ಯಾವಾಗಲೂ ಹೇಳುವುದು ಇದನ್ನೇ. 2001ರ ಆಗಸ್ಟ್‌ನಲ್ಲಿ ಮಿನ್ನೆಸೋಟಾದ ಈಗನ್ ಎಂಬಲ್ಲಿ ಜಕಾರಿಯಾಸ್ ಮೂಸಾವಿ ಎಂಬಾತ 747 ಸಿಮ್ಯುಲೇಟರ್ ತರಬೇತಿಗೆ ಸೇರಿದ. ಶುಲ್ಕ ಕಟ್ಟಿದ್ದು ಹೆಚ್ಚಾಗಿ ನಗದಿನಲ್ಲಿ. ಅಷ್ಟು ದೊಡ್ಡ ವಿಮಾನ ಕಲಿಯುವವನಿಗೆ ಇರಬೇಕಾದ ಅನುಭವ ಅವನಿಗಿರಲಿಲ್ಲ. ಅವನಿಗೆ ಕಲಿಸುತ್ತಿದ್ದ ಶಿಕ್ಷಕರಿಗೆ ಏನೋ ಸರಿಯಿಲ್ಲ ಅನ್ನಿಸಿತು. ಶಾಲೆಯವರು ಎಫ್‌ಬಿಐಗೆ ಫೋನ್ ಮಾಡಿದರು. ಆಗಸ್ಟ್ 16ರಂದು, ದೇಶದಲ್ಲಿ ಇರಬಹುದಾದ ಅವಧಿ ಮೀರಿದ ಕಾರಣಕ್ಕೆ, ಅವನನ್ನು ಹಿಡಿದರು. ಅಲ್ಲಿ ಕೆಲಸ ಮಾಡಿದ್ದು ಯಾವ ಯಂತ್ರವೂ ಅಲ್ಲ, ನಮ್ಮ ನಿಮ್ಮಂಥ ಒಬ್ಬ ಶಿಕ್ಷಕನ ಗಮನ.

ಇದಾದ ಮೇಲೆ ಕಾನೂನು ಬಂತು. 2004ರ ಸೆಪ್ಟೆಂಬರ್‌ನಲ್ಲಿ ಟಿಎಸ್‌ಎ ತಾತ್ಕಾಲಿಕ ನಿಯಮ ಹೊರಡಿಸಿತು. ತಾತ್ಕಾಲಿಕ ಅಂತ ಬಂದದ್ದು ಹತ್ತಿರಹತ್ತಿರ 20 ವರ್ಷ ನಡೆಯಿತು. ಅಂತಿಮ ನಿಯಮ ಪ್ರಕಟವಾದದ್ದು 2024ರ ಮೇ 1ರಂದು, ಜಾರಿಗೆ ಬಂದದ್ದು ಅದೇ ವರ್ಷದ ಜುಲೈ 30ರಂದು. ಹಳೆಯ ಶಿಕ್ಷಕರ ಬಾಯಲ್ಲಿ ಇನ್ನೂ ಎಎಫ್‌ಎಸ್‌ಪಿ ಎಂಬ ಹಳೆಯ ಹೆಸರೇ ಇದೆ. ಹಾರಾಟ ಕಲಿಯುವವರನ್ನು ಪರಿಶೀಲಿಸುವ ಈ ಟಿಎಸ್‌ಎ ಕಾರ್ಯಕ್ರಮದ ಹೆಸರು ಈಗ ಎಫ್‌ಟಿಎಸ್‌ಪಿ. ಅಂತರ್ಜಾಲದಲ್ಲಿ ಹುಡುಕುವಾಗ ಹಳೆಯ ಪುಟಗಳೇ ಜಾಸ್ತಿ ಸಿಗುತ್ತವೆ. 2024ರ ಜುಲೈಗಿಂತ ಮುಂಚಿನದಾದರೆ ಅದನ್ನು ನಂಬಿ ಹೆಜ್ಜೆ ಇಡಬೇಡಿ.

ಈಗ ನಿಮ್ಮ ಹುಡುಗನ ವಿಷಯ.

ಅವನು ಪ್ರೈವೇಟ್ ಪೈಲಟ್ ಪರವಾನಗಿಗೆ ಕಲಿಯುತ್ತಾನೆ. 12,500 ಪೌಂಡ್ ಅಥವಾ ಅದಕ್ಕಿಂತ ಕಡಿಮೆ ತೂಕದ ವಿಮಾನಗಳಲ್ಲಿ ಮೂರು ಬಗೆಯ ತರಬೇತಿ ಈ ನಿಯಮದೊಳಗೆ ಬರುತ್ತದೆ. ಮೊದಲ ಪೈಲಟ್ ಪರವಾನಗಿ ಒಂದು, ಅದು ಸ್ಪೋರ್ಟ್ ಇರಲಿ, ರಿಕ್ರಿಯೇಷನಲ್ ಇರಲಿ, ಪ್ರೈವೇಟ್ ಇರಲಿ. ಹೊರಗೆ ಕಾಣದಿದ್ದಾಗ ಉಪಕರಣ ನೋಡಿಯೇ ಹಾರಿಸಲು ಬೇಕಾದ ಇನ್‌ಸ್ಟ್ರುಮೆಂಟ್ ರೇಟಿಂಗ್ ಇನ್ನೊಂದು. ಮಲ್ಟಿ ಇಂಜಿನ್ ರೇಟಿಂಗ್ ಮತ್ತೊಂದು. ಕಲಿಸಲು ಸಾಮಾನ್ಯವಾಗಿ ಬಳಸುವ ಸೆಸ್ನಾ 172 ಎಂಬ ಸಣ್ಣ ವಿಮಾನ ಆ ತೂಕದ ಕಾಲು ಭಾಗವೂ ಇಲ್ಲ. ಹಾಗಾಗಿ ದೊಡ್ಡ ವಿಮಾನಗಳ ನಿಯಮ ಸದ್ಯಕ್ಕೆ ನಿಮಗೆ ಬೇಡ.

ಹುಡುಗ ಇಲ್ಲೇ ಹುಟ್ಟಿದವನು, ಅವನು ಅಮೆರಿಕದ ಪ್ರಜೆ ಅಂತ ನಿಮಗೆ ಚೆನ್ನಾಗಿ ಗೊತ್ತು. ಅವನ ನಾಮಕರಣಕ್ಕೆ ನೀವೇ ಹೋಗಿದ್ದಿರಬಹುದು. ಆದರೆ ನಿಯಮಕ್ಕೆ ಅದು ಸಾಲದು. ದಾಖಲೆ ಕಣ್ಣಾರೆ ನೋಡಬೇಕು. ಅವಧಿ ಮುಗಿಯದ ಅಮೆರಿಕನ್ ಪಾಸ್‌ಪೋರ್ಟ್ ಇದ್ದರೆ ಅದೊಂದೇ ಸಾಕು. ಇಲ್ಲದಿದ್ದರೆ ಅಸಲು ಜನನ ಪ್ರಮಾಣಪತ್ರ, ಜೊತೆಗೆ ಸರ್ಕಾರ ಕೊಟ್ಟ ಫೋಟೋ ಗುರುತಿನ ಚೀಟಿ. ನಿಮ್ಮ ಹಾಗೆ ಆಮೇಲೆ ಪೌರತ್ವ ಪಡೆದವರಾದರೆ, ಉಬ್ಬು ಮುದ್ರೆ ಇರುವ ನ್ಯಾಚುರಲೈಸೇಷನ್ ಪ್ರಮಾಣಪತ್ರ ಮತ್ತು ಫೋಟೋ ಚೀಟಿ.

16ರ ಮಕ್ಕಳ ವಿಷಯದಲ್ಲಿ ಒಂದು ಸಣ್ಣ ತೊಡಕಿದೆ. 16 ತುಂಬುವ ಮೊದಲು ಮಾಡಿಸಿದ ಪಾಸ್‌ಪೋರ್ಟಿಗೆ 5 ವರ್ಷ ಮಾತ್ರ ಅವಧಿ. ದೊಡ್ಡವರ ಹಾಗೆ 10 ವರ್ಷ ಅಲ್ಲ. ಕೊನೆಯ ಬಾರಿ ಊರಿಗೆ ಹೋದಾಗ ಮಾಡಿಸಿದ್ದು, ಆಮೇಲೆ ಡ್ರಾಯರ್‌ನಲ್ಲೇ ಇರುತ್ತದೆ. ತಂದು ಕೊಡುತ್ತಾರೆ, ನೀವು ಫೋಟೋ ಪುಟ ನೋಡಿ ತಲೆಯಾಡಿಸುತ್ತೀರಿ. ದಿನಾಂಕ ನೋಡಿದರೆ ಹೋದ ವರ್ಷವೇ ಮುಗಿದಿರುತ್ತದೆ. ಅವಧಿ ಮುಗಿದ ಪಾಸ್‌ಪೋರ್ಟ್ ನಡೆಯುವುದಿಲ್ಲ. ಆಗ ಜನನ ಪ್ರಮಾಣಪತ್ರ ತರಿಸಿ. ಅದರ ಜೊತೆಗೆ ಫೋಟೋ ಇರುವ ಲರ್ನರ್ಸ್ ಪರ್ಮಿಟ್ ಅಥವಾ ರಾಜ್ಯದ ಐಡಿ ಕಾರ್ಡ್.

ಡ್ರೈವಿಂಗ್ ಲೈಸೆನ್ಸ್ ಒಂದನ್ನೇ ನೋಡಿ ಬಿಟ್ಟುಬಿಡಬೇಡಿ. ಮೂಲೆಯಲ್ಲಿ ನಕ್ಷತ್ರ ಇರುವ ರಿಯಲ್ ಐಡಿ ಆದರೂ ಅಷ್ಟೇ. ಆ ನಕ್ಷತ್ರ ಗ್ರೀನ್ ಕಾರ್ಡ್‌ನವರಿಗೂ ಸಿಗುತ್ತದೆ, ಎಚ್‌1ಬಿಯವರಿಗೂ ಸಿಗುತ್ತದೆ. ಅದು ನೀವು ಯಾರು ಅಂತ ಹೇಳುತ್ತದೆ, ಯಾವ ದೇಶದ ಪ್ರಜೆ ಅಂತ ಹೇಳುವುದಿಲ್ಲ.

ಈಗ ಜೆರಾಕ್ಸ್ ಪ್ರಶ್ನೆ. ನಿಯಮ ನಿಮ್ಮ ಮುಂದೆ ಎರಡು ದಾರಿ ಇಡುತ್ತದೆ. ದಾಖಲೆಯ ಪ್ರತಿ ತೆಗೆದು 5 ವರ್ಷ ಇಟ್ಟುಕೊಳ್ಳಬಹುದು. ಇಲ್ಲವೇ ಲಾಗ್‌ಬುಕ್‌ನಲ್ಲಿ, ಅಂದರೆ ಹಾರಾಟದ ಲೆಕ್ಕ ಬರೆದಿಡುವ ಪುಸ್ತಕದಲ್ಲಿ, ಎಂಡೋರ್ಸ್‌ಮೆಂಟ್ ಬರೆಯಬಹುದು. ನಾನು ಯಾವಾಗಲೂ ಎರಡನೆಯದನ್ನೇ ಮಾಡುತ್ತೇನೆ. ಯಾಕೆ ಗೊತ್ತಾ? ಬೇರೆಯವರ ಪಾಸ್‌ಪೋರ್ಟ್ ಪ್ರತಿ ಮನೆಯಲ್ಲಿ ಇಟ್ಟುಕೊಳ್ಳುವುದು ಅಂದರೆ ಬೇರೆಯವರ ಒಡವೆ ಇಟ್ಟುಕೊಂಡ ಹಾಗೆ. ಕಳೆದುಹೋದರೆ ಹೊಣೆ ನಿಮ್ಮದು. ಈಗಂತೂ ‘ಫೋಟೋ ವಾಟ್ಸಾಪ್ ಮಾಡ್ತೀನಿ’ ಅಂತಾರೆ. ದಯವಿಟ್ಟು ಬೇಡ ಅನ್ನಿ. ನಿಮ್ಮ ಫೋನಿನ ಗ್ಯಾಲರಿಯಲ್ಲಿ, ಹಬ್ಬದ ಫೋಟೋಗಳ ಮಧ್ಯೆ, ಗೆಳೆಯರ ಮಗನ ಪಾಸ್‌ಪೋರ್ಟ್ 5 ವರ್ಷ ಕೂತಿರುವುದು ಯಾರಿಗೂ ಒಳ್ಳೆಯದಲ್ಲ. ಅಷ್ಟಕ್ಕೂ ನೀವು ನೋಡಬೇಕಾದದ್ದು ಅಸಲು ದಾಖಲೆ, ಅದರ ಚಿತ್ರವನ್ನಲ್ಲ.

ಎಂಡೋರ್ಸ್‌ಮೆಂಟ್ ಎಂದರೆ ಎರಡು ಸಾಲಿನ ಬರಹ. ಇಂಥ ಹೆಸರಿನವರು ಇಂಥ ದಾಖಲೆ ನನಗೆ ತೋರಿಸಿದ್ದಾರೆ, ಅದರಿಂದ ಅವರು ಅಮೆರಿಕದ ಪ್ರಜೆ ಎಂದು ಖಚಿತವಾಗಿದೆ ಅಂತ ಬರೆದು, ನಿಯಮದ ಸಂಖ್ಯೆ ಹಾಕಿ, ದಿನಾಂಕ, ಸಹಿ, ನಿಮ್ಮ ಸಿಎಫ್‌ಐ ಸಂಖ್ಯೆ ಹಾಕುವುದು. ಅದರ ಇಂಗ್ಲಿಷ್ ಮಾದರಿ ಎಫ್‌ಎಎಯ ಎಸಿ 61-65 ಸುತ್ತೋಲೆಯಲ್ಲಿ ಇದೆ. ಹೊಸ ಆವೃತ್ತಿಯದನ್ನೇ ತೆಗೆದುಕೊಳ್ಳಿ. 2024ರಲ್ಲಿ ನಿಯಮದ ಕಲಂ ಸಂಖ್ಯೆಗಳು ಬದಲಾಗಿವೆ, ಹಳೆಯ ಸ್ಟಿಕ್ಕರ್‌ಗಳ ಮೇಲೆ ಹಳೆಯ ಸಂಖ್ಯೆಯೇ ಇರುತ್ತದೆ.

ಇದನ್ನು ಎರಡು ಕಡೆ ಬರೆಯಬೇಕು. ವಿದ್ಯಾರ್ಥಿಯ ಲಾಗ್‌ಬುಕ್‌ನಲ್ಲೂ ಬರೆಯಬೇಕು, ನಿಮ್ಮ ಪುಸ್ತಕದಲ್ಲೂ ಬರೆಯಬೇಕು. ನಾನು ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ.

ಬಹಳ ವರ್ಷದ ಹಿಂದೆ, ನಾನು ಹೊಸಬನಾಗಿದ್ದಾಗ, ಒಂದು ಮಂಗಳವಾರ ಬೆಳಿಗ್ಗೆ ಹ್ಯಾಂಗರಿಗೆ ಟಿಎಸ್‌ಎ ಇನ್‌ಸ್ಪೆಕ್ಟರ್ ಬಂದರು. ತುಂಬಾ ಸೌಜನ್ಯದ ಹೆಂಗಸು. ಕಾಫಿ ಬೇಡ ಅಂದರು, ಮೇಜಿನ ಮೇಲೆ ಎಣ್ಣೆಯ ಡಬ್ಬ ಸರಿಸಿ ಜಾಗ ಮಾಡಿಕೊಂಡರು. ಹಿಂದಿನ ಎರಡು ವರ್ಷದ ವಿದ್ಯಾರ್ಥಿಗಳಲ್ಲಿ ಐದು ಹೆಸರು ಆರಿಸಿ, ಇವರ ದಾಖಲೆ ತೋರಿಸಿ ಅಂದರು. ನನ್ನ ಕಪ್ಪು ರಟ್ಟಿನ ಪುಸ್ತಕ ತಂದು ಕೊಟ್ಟೆ. ಒಬ್ಬೊಬ್ಬರ ಹೆಸರಿನ ಮೇಲೂ ಪೆನ್ಸಿಲ್ ಇಟ್ಟು ಹುಡುಕಿದರು. ನಾಲ್ಕು ಸಿಕ್ಕಿತು. ಐದನೆಯದು ಸಿಗಲಿಲ್ಲ. ಆ ಹುಡುಗಿಯ ಪಾಸ್‌ಪೋರ್ಟ್ ನಾನು ನೋಡಿದ್ದೆ, ಅವಳ ಲಾಗ್‌ಬುಕ್‌ನಲ್ಲಿ ಬರೆದೂ ಇದ್ದೆ. ನನ್ನದರಲ್ಲಿ ಬರೆಯುವುದನ್ನು ಮರೆತಿದ್ದೆ. ಆಮೇಲೆ ಬರೆದರಾಯಿತು ಅಂತ ಅಂದುಕೊಂಡಿದ್ದು ಆಮೇಲೆ ಆಗಲೇ ಇಲ್ಲ. ಅವಳು ಅಷ್ಟರಲ್ಲಿ ಓದಲು ಬೇರೆ ರಾಜ್ಯಕ್ಕೆ ಹೋಗಿದ್ದಳು, ಲಾಗ್‌ಬುಕ್ ಅವಳ ಜೊತೆಗೇ ಹೋಗಿತ್ತು. ಫೋನ್ ಮಾಡಿ, ಆ ಪುಟದ ಚಿತ್ರ ತರಿಸಿ, ಬರಹದಲ್ಲಿ ವಿವರಣೆ ಕೊಟ್ಟು, ಅದು ಮುಗಿಯುವಷ್ಟರಲ್ಲಿ ಮೂರು ವಾರ. ಆ ಮೂರು ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ತಪ್ಪು ನನ್ನದೇ. ಅವತ್ತಿನಿಂದ ವಿದ್ಯಾರ್ಥಿಯ ಪುಸ್ತಕ ಮತ್ತು ನನ್ನ ಪುಸ್ತಕ ಎರಡನ್ನೂ ಪಕ್ಕಪಕ್ಕ ತೆರೆದಿಟ್ಟೇ ಪೆನ್ನು ತೆಗೆಯುತ್ತೇನೆ.

ವರ್ಷದ ಲೆಕ್ಕದಲ್ಲೂ ಒಂದು ಎಡವಟ್ಟು ಆಗುತ್ತದೆ. ಎಫ್‌ಎಎ ನಿಯಮದ 61.189ರ ಪ್ರಕಾರ ಸೋಲೋ (ವಿದ್ಯಾರ್ಥಿ ಒಬ್ಬನೇ ಹಾರುವುದು) ಮತ್ತು ಪರೀಕ್ಷೆಗೆ ಕೊಟ್ಟ ಎಂಡೋರ್ಸ್‌ಮೆಂಟ್‌ಗಳ ಲೆಕ್ಕವನ್ನು 3 ವರ್ಷ ಇಟ್ಟುಕೊಂಡರೆ ಸಾಕು. ಟಿಎಸ್‌ಎ ಕೇಳುವುದು 5 ವರ್ಷ. ಎಷ್ಟೋ ಜನ 3 ವರ್ಷ ಆಯಿತು ಅಂತ ಎಲ್ಲವನ್ನೂ ಒಟ್ಟಿಗೆ ತೆಗೆದುಹಾಕುತ್ತಾರೆ. ನೀವು ಎರಡಕ್ಕೂ ಸೇರಿಸಿ 5 ಅಂತಲೇ ಇಟ್ಟುಕೊಳ್ಳಿ, ಗೊಂದಲ ಇರುವುದಿಲ್ಲ. ಡಿಜಿಟಲ್ ಲಾಗ್‌ಬುಕ್ ಬಳಸುವವರಾದರೆ ಅದೂ ನಡೆಯುತ್ತದೆ. ಆದರೆ ಆ ಆ್ಯಪಿನ ಚಂದಾ ನಿಂತರೆ ದಾಖಲೆ ನಿಮ್ಮ ಕೈಗೆ ಸಿಗುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ನಾನು ವರ್ಷಕ್ಕೊಮ್ಮೆ ಪಿಡಿಎಫ್ ಮಾಡಿ ಬೇರೆ ಕಡೆ ಇಡುತ್ತೇನೆ.

ನಿಮಗಿಂತ ಮೊದಲು ಬೇರೆ ಶಿಕ್ಷಕರು ಇದೇ ಎಂಡೋರ್ಸ್‌ಮೆಂಟ್ ಬರೆದಿದ್ದರೆ? ಅದು ಅವರ ಪರಿಶೀಲನೆ. ನೀವು ಕಲಿಸುವುದಾದರೆ ನೀವು ನೋಡಿ, ನೀವು ಬರೆಯಿರಿ. ಎರಡು ನಿಮಿಷದ ಕೆಲಸಕ್ಕೆ ಬೇರೆಯವರ ಸಹಿಯನ್ನು ನೆಚ್ಚಿಕೊಳ್ಳುವುದು ಯಾಕೆ?

ಇನ್ನು ಹಾಸನದ ಇಂಜಿನಿಯರ್. ನಮ್ಮ ಜನರಲ್ಲಿ ಜಾಸ್ತಿ ತಪ್ಪು ತಿಳುವಳಿಕೆ ಇರುವುದು ಇಲ್ಲೇ. ‘ಗ್ರೀನ್ ಕಾರ್ಡ್ ಇದೆಯಲ್ಲ, ಇನ್ನೇನು ಬೇಕು’ ಅಂತಾರೆ. ಗ್ರೀನ್ ಕಾರ್ಡ್ ಇದ್ದವರು ಇಲ್ಲಿ ಕಾಯಂ ಆಗಿ ಇರಬಹುದು, ಕೆಲಸ ಮಾಡಬಹುದು. ಆದರೆ ಅವರು ಇನ್ನೂ ಭಾರತದ ಪ್ರಜೆಗಳೇ. ಈ ನಿಯಮದ ಕಣ್ಣಿಗೆ ಅವರೂ ಎಚ್‌1ಬಿಯವರೂ ಒಂದೇ ಸಾಲಿನಲ್ಲಿ. ಇಬ್ಬರೂ ಮೊದಲು ಟಿಎಸ್‌ಎ ಒಪ್ಪಿಗೆ ಪಡೆಯಬೇಕು. ಅದು ಬರುವ ಮೊದಲು ನೀವು ಅವರಿಗೆ ಪರವಾನಗಿಯ ಹಾರಾಟ ತರಬೇತಿ ಒಂದು ಗಂಟೆಯೂ ಕೊಡುವಂತಿಲ್ಲ. ಶಾಲೆಗಳಲ್ಲಿರುವ ಮಾನ್ಯತೆ ಪಡೆದ ಸಿಮ್ಯುಲೇಟರ್ ತರಬೇತಿಯೂ ಇದರಲ್ಲೇ ಸೇರುತ್ತದೆ.

ಅವರ ಕಡೆಯಿಂದ ಆಗಬೇಕಾದ್ದು ಹೀಗೆ. ಎಫ್‌ಟಿಎಸ್‌ಪಿ ಪೋರ್ಟಲ್‌ನಲ್ಲಿ ಖಾತೆ ತೆರೆದು, ಅರ್ಜಿ ತುಂಬಿ, ಪಾಸ್‌ಪೋರ್ಟ್ ಮತ್ತು ವಲಸೆ ದಾಖಲೆ ಏರಿಸಿ, ಶುಲ್ಕ ಕಟ್ಟಿ, ಬೆರಳಚ್ಚು ಕೊಡಬೇಕು. 2024ರ ನಿಯಮದ ಹೊತ್ತಿಗೆ ಶುಲ್ಕ 140 ಡಾಲರ್ ಇತ್ತು. ಮೊದಲೆಲ್ಲ ಪ್ರತಿ ರೇಟಿಂಗ್‌ಗೂ ಹೊಸ ಅರ್ಜಿ, ಹೊಸ ಶುಲ್ಕ. ಪ್ರೈವೇಟ್ ಮುಗಿಸಿ ಇನ್‌ಸ್ಟ್ರುಮೆಂಟ್‌ಗೆ ಬಂದರೆ ಮತ್ತೆ ಮೊದಲಿಂದ. ಈಗ ಒಮ್ಮೆ ಅರ್ಹತೆ ಸಿಕ್ಕರೆ ಅದು 5 ವರ್ಷದವರೆಗೂ ನಡೆಯುತ್ತದೆ. ಹೊಸ ತರಬೇತಿ ಶುರುಮಾಡುವಾಗ ಪೋರ್ಟಲ್‌ನಲ್ಲಿ ತಿಳಿಸಬೇಕು ಅಷ್ಟೇ. ಇದು ನಿಜಕ್ಕೂ ದೊಡ್ಡ ಅನುಕೂಲ. ಕೂಟದಲ್ಲಿ ಹಳೆಯ ಅನುಭವ ಹೇಳಿ ಹೆದರಿಸುವವರು ಇರುತ್ತಾರೆ, ಅವರಿಗೂ ಇದನ್ನು ತಿಳಿಸಿ.

ನಿಮ್ಮ ಕಡೆಯಿಂದಲೂ ಕೆಲಸ ಇದೆ. ವಿದೇಶಿ ಪ್ರಜೆಗಳಿಗೆ ಕಲಿಸಬೇಕಾದರೆ ನೀವೂ ಆ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ಭದ್ರತಾ ಸಂಯೋಜಕ ಅಂತ ಒಬ್ಬರ ಹೆಸರು ಕೊಡಬೇಕು. ಒಬ್ಬರೇ ಕಲಿಸುವವರಾದರೆ ಅದು ನೀವೇ. ಅವರು ನಿಮ್ಮ ಹೆಸರು ಹಾಕಿ ತರಬೇತಿಯ ವಿವರ ಸಲ್ಲಿಸುತ್ತಾರೆ, ನೀವು ಅದನ್ನು ಒಪ್ಪಿಕೊಳ್ಳಬೇಕು. ಕಾಯುವ ಅವಧಿ ಸಾಮಾನ್ಯವಾಗಿ 30 ದಿನ, ಕೆಲವು ವರ್ಗದವರಿಗೆ 5 ದಿನ. ಅವರ ದಾಖಲೆಗಳನ್ನೂ 5 ವರ್ಷ ಕಾಪಾಡಬೇಕು.

ವೀಸಾ ವಿಷಯ ಬೇರೆ, ಟಿಎಸ್‌ಎ ಒಪ್ಪಿಗೆ ಬೇರೆ. ಒಂದು ಸಿಕ್ಕಿತು ಅಂತ ಇನ್ನೊಂದು ಸಿಕ್ಕ ಹಾಗಲ್ಲ. ಗ್ರೀನ್ ಕಾರ್ಡ್‌ನವರಿಗೆ ಈ ತಲೆನೋವಿಲ್ಲ. ಆದರೆ ಮುಂದೆ ಯಾರಾದರೂ ‘ಊರಿಂದ ತಮ್ಮ ಮೂರು ತಿಂಗಳಿಗೆ ಬಂದಿದ್ದಾನೆ, ಅವನಿಗೂ ಕಲಿಸ್ತೀರಾ’ ಅಂತ ಖಂಡಿತ ಕೇಳುತ್ತಾರೆ. ಪ್ರವಾಸಿ ವೀಸಾದಲ್ಲಿ ಬಂದವರು ಪರವಾನಗಿಯ ಕೋರ್ಸ್ ಮಾಡುವಂತಿಲ್ಲ. ಪ್ರೀತಿಯಿಂದಲೇ ಆಗಲ್ಲ ಅನ್ನಿ. ಬೇಕಿದ್ದರೆ ಡಿಸ್ಕವರಿ ಫ್ಲೈಟ್ ಒಂದು ಸುತ್ತು ಕರೆದುಕೊಂಡು ಹೋಗಿ ಬನ್ನಿ. ಆಸಕ್ತಿ ಹುಟ್ಟಿಸಲು ಮಾಡುವ ಆ ಪ್ರದರ್ಶನದ ಹಾರಾಟ ಈ ನಿಯಮದೊಳಗೆ ಬರುವುದಿಲ್ಲ. ಆದರೆ ಅದನ್ನು ಪಾಠ ಅಂತ ಲಾಗ್‌ಬುಕ್‌ಗೆ ಬರೆದು, ಪರವಾನಗಿಯ ಗಂಟೆಗಳ ಲೆಕ್ಕಕ್ಕೆ ಸೇರಿಸಿದಿರೋ, ಅದು ತರಬೇತಿಯೇ ಆಗುತ್ತದೆ. ಈ ಗೆರೆಯನ್ನು ಚೆನ್ನಾಗಿ ನೆನಪಿಡಿ.

ಮೂರನೆಯವರ ಫ್ಲೈಟ್ ರಿವ್ಯೂಗೆ ಏನೂ ಬೇಡ. ಈಗಾಗಲೇ ಪರವಾನಗಿ ಇರುವವರ ರಿವ್ಯೂ, ಇನ್‌ಸ್ಟ್ರುಮೆಂಟ್ ಪ್ರಾವೀಣ್ಯ ತಪಾಸಣೆ, ಬಾಲದ ಕಡೆ ಚಕ್ರ ಇರುವ ವಿಮಾನಗಳಿಗೆ ಬೇಕಾದ ಟೇಲ್‌ವೀಲ್ ಎಂಡೋರ್ಸ್‌ಮೆಂಟ್ ಇವೆಲ್ಲ ಈ ನಿಯಮದ ಹೊರಗೆ. ಗ್ಲೈಡರ್, ಬಲೂನ್ ಕೂಡ ಹೊರಗೆ. ಆದರೆ ಅವರೇ ಮುಂದಿನ ತಿಂಗಳು ‘ಇನ್‌ಸ್ಟ್ರುಮೆಂಟ್ ರೇಟಿಂಗ್ ಮಾಡೋಣ’ ಅಂದರೆ ಅವತ್ತು ಪಾಸ್‌ಪೋರ್ಟ್ ಬೇಕು.

ನಿಮ್ಮದೇ ಒಂದು ಕೆಲಸ ಬಾಕಿ ಇದೆ, ಪ್ರಶ್ನೆಯಲ್ಲಿ ನೀವು ಅದನ್ನು ಕೇಳಿಲ್ಲ. ಶಿಕ್ಷಕರೂ ಭದ್ರತಾ ಅರಿವಿನ ತರಬೇತಿ ಮಾಡಬೇಕು. ಟಿಎಸ್‌ಎ ಅದನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ಕೊಡುತ್ತದೆ. ಮೊದಲು ಪ್ರತಿ ವರ್ಷ ಮಾಡಬೇಕಿತ್ತು, ಹೊಸ ನಿಯಮದಲ್ಲಿ ಎರಡು ವರ್ಷಕ್ಕೊಮ್ಮೆ. ಪ್ರಜೆಗಳಿಗೆ ಮಾತ್ರ ಕಲಿಸುವವರೂ ಮಾಡಬೇಕು, ಒಂಟಿಯಾಗಿ ಕಲಿಸುವವರೂ ಮಾಡಬೇಕು. ಸುಮ್ನೆ ಬಟನ್ ಒತ್ತಿ ಮುಗಿಸಬೇಡಿ. ಈಗನ್‌ನ ಆ ಶಿಕ್ಷಕರಿಗೆ ಹೊಳೆದ ಅನುಮಾನ ಎಂಥದ್ದು, ಹಾಗೆ ಅನ್ನಿಸಿದರೆ ಯಾರಿಗೆ ಹೇಳಬೇಕು ಅನ್ನುವುದೇ ಅದರ ಪಾಠ. ಮುಗಿಸಿದ ಪ್ರಮಾಣಪತ್ರವನ್ನೂ ಅದೇ ಕಡತದಲ್ಲಿ ಇಡಿ.

ಇನ್ನು ನಿಮ್ಮ ಮುಜುಗರ. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಮ್ಮಲ್ಲಿ ಪರಿಚಯದವರ ಹತ್ತಿರ ಕಾಗದ ಕೇಳುವುದು ಅಂದರೆ ನಂಬಿಕೆ ಇಲ್ಲ ಅಂದ ಹಾಗೆ. ಅದರಲ್ಲೂ ನಾವು ಈ ದೇಶದಲ್ಲಿ ಎಷ್ಟೋ ಕಡೆ ಕಾಗದ ತೋರಿಸಿ ತೋರಿಸಿ ಸುಸ್ತಾದವರು. ಹಾಗಿರುವಾಗ ನಾವೇ ಕೇಳುವ ಜಾಗದಲ್ಲಿ ನಿಲ್ಲುವುದು ಕಷ್ಟವೇ. ನಾನು ಕಂಡುಕೊಂಡ ದಾರಿ ಒಂದೇ. ಎಲ್ಲರನ್ನೂ ಕೇಳುತ್ತೇನೆ, ಒಂದೇ ಮಾತಿನಲ್ಲಿ ಕೇಳುತ್ತೇನೆ. ಪಾಠ ಬೇಕು ಅಂತ ಫೋನ್ ಮಾಡಿದವರಿಗೆಲ್ಲ ಒಂದೇ ಸಂದೇಶ ಹೋಗುತ್ತದೆ: ಮೊದಲ ದಿನ ತಂಪು ಕನ್ನಡಕ, ನೀರಿನ ಬಾಟಲಿ, ಲಾಗ್‌ಬುಕ್ ಇದ್ದರೆ ಅದು, ಪಾಸ್‌ಪೋರ್ಟ್ ಅಥವಾ ಜನನ ಪ್ರಮಾಣಪತ್ರ ಮತ್ತು ಫೋಟೋ ಐಡಿ ತನ್ನಿ. ಟೆಕ್ಸಸ್‌ನಲ್ಲಿ ಆರು ತಲೆಮಾರಿನಿಂದ ಇರುವವರಿಗೂ ಅದೇ, ಮೈಸೂರಿನಿಂದ ಬಂದವರಿಗೂ ಅದೇ. ಬಣ್ಣ ನೋಡಿ, ಉಚ್ಚಾರ ಕೇಳಿ, ಇವರನ್ನು ಕೇಳೋಣ ಅವರನ್ನು ಬಿಡೋಣ ಅಂತ ಯಾವತ್ತೂ ಮಾಡಬೇಡಿ. ಅದು ಅನ್ಯಾಯ. ಜೊತೆಗೆ ನಿಯಮವನ್ನೂ ಮುರಿದ ಹಾಗೆ, ಯಾಕೆಂದರೆ ಬಿಟ್ಟವರ ದಾಖಲೆಯೂ ನಿಮ್ಮ ಹತ್ತಿರ ಇರಬೇಕಿತ್ತು, ಅಲ್ವಾ?

ಕಣ್ಣೆದುರು ಮಾಡುವುದರಿಂದಲೂ ಮುಜುಗರ ಕಡಿಮೆಯಾಗುತ್ತದೆ. ಪಾಸ್‌ಪೋರ್ಟ್ ತೆಗೆದುಕೊಂಡು ಒಳಗೆ ಹೋಗಬೇಡಿ. ಅವರ ಎದುರೇ ತೆರೆಯಿರಿ. ಹೆಸರು, ಫೋಟೋ, ದಿನಾಂಕ ನೋಡಿ. ಪ್ರಮಾಣಪತ್ರವಾದರೆ ಉಬ್ಬು ಮುದ್ರೆಯ ಮೇಲೆ ಹೆಬ್ಬೆರಳು ಆಡಿಸಿ, ಬಿಂದುಗಳು ಕೈಗೆ ತಗುಲುತ್ತವೆ. ತಕ್ಷಣ ವಾಪಸ್ ಕೊಡಿ. ಆಮೇಲೆ ಅವರ ಲಾಗ್‌ಬುಕ್‌ನ ಹಿಂಬದಿಯ ಪುಟದಲ್ಲಿ ಬರೆದು ಓದಿ ಹೇಳಿ. ಹೊಸ ಲಾಗ್‌ಬುಕ್‌ನಲ್ಲಿ ಶಿಕ್ಷಕರ ಮೊದಲ ಸಹಿ ಅದೇ ಆಗಿರುತ್ತದೆ. ಮಕ್ಕಳಂತೂ ಅದನ್ನು ಫೋಟೋ ತೆಗೆದು ಅಜ್ಜಿಗೆ ಕಳಿಸುತ್ತಾರೆ.

ಇಂಜಿನಿಯರ್ ಅವರಿಗೆ ಇವತ್ತೇ ಫೋನ್ ಮಾಡಿ ಪೋರ್ಟಲ್ ಅರ್ಜಿ ಶುರುಮಾಡಿಸಿ. ಅಲ್ಲಿಯವರೆಗೆ ಅವರು ಸುಮ್ಮನೆ ಕೂರಬೇಕಾಗಿಲ್ಲ. ಗ್ರೌಂಡ್ ಪಾಠಕ್ಕೆ ಈ ನಿಯಮ ಅಡ್ಡ ಬರುವುದಿಲ್ಲ. ಹವಾಮಾನ, ನಕ್ಷೆ, ವಾಯುಪ್ರದೇಶ, ರೇಡಿಯೋ ಮಾತು ಎಲ್ಲವನ್ನೂ ಅಡುಗೆಮನೆಯ ಮೇಜಿನ ಮೇಲೆ ಕಲಿಸಬಹುದು. ಆ 30 ದಿನದಲ್ಲಿ ಲಿಖಿತ ಪರೀಕ್ಷೆಯ ಅರ್ಧ ಓದು ಮುಗಿಸಿದವರನ್ನು ನಾನು ನೋಡಿದ್ದೇನೆ. ಒಪ್ಪಿಗೆ ಬಂದು ಅವರು ತರಬೇತಿಗೆ ಬಂದಾಗ, ವಿಮಾನದ ಬಾಗಿಲು ತೆಗೆಯುವ ಮೊದಲು ಅವರ ಒಂದು ಫೋಟೋ ತೆಗೆದು ಪೋರ್ಟಲ್‌ಗೆ ಏರಿಸಿ. ಒಪ್ಪಿಗೆ ಪಡೆದವರೇ ನಿಮ್ಮ ಮುಂದೆ ನಿಂತಿರುವವರು ಅಂತ ಟಿಎಸ್‌ಎಗೆ ತಿಳಿಸುವುದು ಹಾಗೆ. ಅದು ಏರಿದ ಮೇಲೆ ಎಡಗಡೆ ಸೀಟಿನಲ್ಲಿ ಕೂರಿಸಿ.